ದೋಹಾದಲ್ಲಿ ಲೈವ್ ಮ್ಯಾಚ್: ಮೊದಲೇ ಮಾಡ್ಕೋಬೇಕಾದ ತಯಾರಿ

2025ರ ಜೂನ್ 3. ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್, ಆರ್‌ಸಿಬಿಗೆ ಪಂಜಾಬ್ ಎದುರಾಳಿ. ಊರಲ್ಲಿ ಸಂಜೆ ಏಳೂವರೆ ಅಂದ್ರೆ ಕತಾರಿನಲ್ಲಿ ಐದು ಗಂಟೆ. ಒಂದೇ ರೂಮಿನಲ್ಲಿ ಆರು ಜನ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ಕೊನೆಯ ಓವರಿಗೆ ಪಂಜಾಬಿಗೆ 29 ರನ್ ಬೇಕು. ನಮ್ಮ ಪರದೆಯಲ್ಲಿ ಹೇಜಲ್‌ವುಡ್ ಇನ್ನೂ ಓಡಿ ಬರ್ತಿದ್ದಾರೆ, ಅಷ್ಟರಲ್ಲಿ ನಮ್ಮಲ್ಲೊಬ್ಬಳ ಅಪ್ಪ ದಾವಣಗೆರೆಯಿಂದ ಮೆಸೇಜ್ ಹಾಕಿಬಿಟ್ರು: "ಗೆದ್ವಿ ಪುಟ್ಟಿ!" ಹದಿನೆಂಟು ವರ್ಷ ಕಾದ ಕಪ್ಪು ನಮಗೆ ಸಿಕ್ಕಿದ್ದು ಹೀಗೆ, ವಾಟ್ಸಾಪಿನಲ್ಲಿ.

ಆವತ್ತು ನಾವು ಮಾಡಿದ ತಪ್ಪು ಇದೊಂದೇ ಅಲ್ಲ. ಊರಿನ ಚಂದಾ ಇದೆಯಲ್ಲ ಅಂತ ನಿಶ್ಚಿಂತೆಯಾಗಿದ್ದೆವು, ಅದು ಇಲ್ಲಿ ತೆರೆಯಲೇ ಇಲ್ಲ. ಪ್ರಸಾರದ ಹಕ್ಕನ್ನು ಪ್ರದೇಶವಾರು ಮಾರ್ತಾರೆ. ದುಡ್ಡು ಎಲ್ಲಿಂದ ಕಟ್ಟಿದ್ದೀರಿ ಅನ್ನೋದಕ್ಕಿಂತ, ನಿಮ್ಮ ಇಂಟರ್ನೆಟ್‌ನ ಐಪಿ ವಿಳಾಸ ಯಾವ ದೇಶದ್ದು ಅಂತ ಆ್ಯಪ್ ನೋಡುತ್ತೆ. ಹಾಗಾಗಿ ಇಲ್ಲಿ ಹಕ್ಕು ಯಾರದ್ದು ಅಂತ ಮೊದಲು ಹುಡುಕಬೇಕು. 2025ರ ಐಪಿಎಲ್ ಈ ಭಾಗದಲ್ಲಿ ಸ್ಟಾರ್ಜ್‌ಪ್ಲೇಯಲ್ಲಿ ಬಂತು. 2022ರಲ್ಲಿ ಇಲ್ಲೇ ನಡೆದ ಫುಟ್‌ಬಾಲ್ ವಿಶ್ವಕಪ್ ದೋಹಾದ್ದೇ ಆದ ಬಿಇನ್ ಸ್ಪೋರ್ಟ್ಸ್‌ನಲ್ಲಿತ್ತು. ಅದರ ಸ್ಟ್ರೀಮಿಂಗ್ ಆ್ಯಪ್ ಹೆಸರು ಟಾಡ್. ಟೂರ್ನಿ ಬದಲಾದ್ರೆ ಆ್ಯಪೂ ಬದಲಾಗಬಹುದು, ಅದಕ್ಕೇ ವರ್ಷದ ಚಂದಾ ಬೇಡ, ತಿಂಗಳದ್ದು ಸಾಕು. ತಾನಾಗೇ ಮುಂದುವರಿಯೋದನ್ನ ಅವತ್ತೇ ಆಫ್ ಮಾಡಿ. ವಿಪಿಎನ್ ಹಾಕಿ ಊರಿನ ಆ್ಯಪ್ ನೋಡೋದು ಸಾಮಾನ್ಯವಾಗಿ ಚಂದಾದ ಷರತ್ತಿಗೆ ವಿರುದ್ಧ. ನಾವು ಅದನ್ನ ಹೇಳಿಕೊಡಲ್ಲ.

ಲಾಗಿನ್ ಹಿಂದಿನ ದಿನವೇ ಆಗಿರಲಿ. ಬ್ಯಾಂಕಿನ ಓಟಿಪಿ ಭಾರತದ ಸಿಮ್ಮಿಗೆ ಹೋಗುತ್ತೆ, ಆ ಸಿಮ್ಮು ಸೂಟ್‌ಕೇಸಿನಲ್ಲಿ ಮಲಗಿರುತ್ತೆ!

ಎಚ್‌ಡಿ ಚಿತ್ರಕ್ಕೆ ಸುಮಾರು 5 ಎಂಬಿಪಿಎಸ್ ವೇಗ ಬೇಕು. ನಾಲ್ಕು ಗಂಟೆಯ ಮ್ಯಾಚಿಗೆ ಲೆಕ್ಕ ಹಾಕಿದ್ರೆ 9 ಜಿಬಿ. ಊರೀದೂ ಆಗಲಿ, ವೋಡಾಫೋನೂ ಆಗಲಿ, ನಿಮ್ಮ ಪ್ಲಾನ್‌ನಲ್ಲಿ ಅಷ್ಟು ಡೇಟಾ ಇದೆಯಾ ನೋಡ್ಕೊಳ್ಳಿ. ಹಾಸ್ಟೆಲ್ ವೈಫೈ ಸಂಜೆ ಎಲ್ಲರದ್ದೂ. ಗೋಡೆಯಲ್ಲಿ ಸಾಕೆಟ್ ಇದ್ರೆ ಕೇಬಲ್ ಹಾಕೋದೇ ವಾಸಿ.

ಇನ್ನು ಅಪ್ಪನ ಮೆಸೇಜಿನ ವಿಷಯ. ಸ್ಟ್ರೀಮಿಂಗ್‌ನಲ್ಲಿ ವಿಡಿಯೊವನ್ನು ಕೆಲವೇ ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ ಕಳಿಸ್ತಾರೆ. ಚಿತ್ರ ನಿಲ್ಲಬಾರದು ಅಂತ ಆ್ಯಪು ಒಂದಷ್ಟು ತುಂಡು ಕೂಡಿಟ್ಟುಕೊಂಡೇ ತೋರಿಸೋಕೆ ಶುರುಮಾಡುತ್ತೆ. ಹೀಗಾಗಿ ಮನೆಯ ಡಿಶ್ ಟಿವಿಗಿಂತ ನಾವು ಅರ್ಧ ನಿಮಿಷದಷ್ಟು ಹಿಂದೆ ಉಳಿಯಬಹುದು. ನಡುವೆ ಒಮ್ಮೆ ಚಿತ್ರ ನಿಂತ್ರೆ ಆ ಅಂತರ ಇನ್ನೂ ಬೆಳೆಯುತ್ತೆ. ಆಗ "ಲೈವ್" ಅನ್ನೋ ಗುಂಡಿ ಒತ್ತಿದ್ರೆ ಸ್ವಲ್ಪ ಮುಂದಕ್ಕೆ ಬರ್ತೀರಿ, ಪೂರ್ತಿ ಅಲ್ಲ. ವೇಗದ ಪ್ಲಾನ್ ತಗೊಂಡ್ರೂ ಈ ತಡ ಹೋಗಲ್ಲ.

ಈಗ ನಮ್ಮಲ್ಲಿ ಕೊನೆಯ ಐದು ಓವರ್ ಎಲ್ಲರ ಫೋನೂ ಚಪ್ಪಲಿ ಸ್ಟ್ಯಾಂಡಿನಲ್ಲಿ. ನಾವೇ ಫೋನ್ ಮಾಡೋವರೆಗೂ ಏನೂ ಬರೆಯಲ್ಲ ಅಂತ ಆ ಅಪ್ಪ ಒಪ್ಪಿಕೊಂಡಿದ್ದಾರೆ. ಅಮ್ಮನನ್ನ ಒಪ್ಪಿಸೋಕೆ ಇನ್ನೂ ಆಗಿಲ್ಲ.