ಆಲ್ಜೈಮರ್: ಹೊಸ ನರಕೋಶ, ಮರಳುವ ನೆನಪು

ನೆನಪು ಕಟ್ಟುವ ಹಿಪೊಕ್ಯಾಂಪಸ್‌ನಲ್ಲಿ ವಯಸ್ಕರಾದ ಮೇಲೂ ಹೊಸ ನರಕೋಶಗಳು ಹುಟ್ಟುತ್ತವೆಯೇ? ಮನುಷ್ಯರ ಮಟ್ಟಿಗೆ ವಾದ ಮುಗಿದಿಲ್ಲ. 2019ರ ಸ್ಪೇನ್ ಅಧ್ಯಯನದ ಪ್ರಕಾರ ಹುಟ್ಟುತ್ತವೆ, ಆಲ್ಜೈಮರ್‌ನಲ್ಲಿ ತೀರಾ ಇಳಿಯುತ್ತವೆ. ಇಲಿಗಳಲ್ಲಿ ಕೋಶ ಹೆಚ್ಚಿಸಿದ್ದಷ್ಟೇ ಸಾಲಲಿಲ್ಲ. ಬಿಡಿಎನ್‌ಎಫ್ ಪ್ರೋಟೀನೂ ಏರಿದಾಗ ನೆನಪು ಸುಧಾರಿಸಿತು (2018). ವ್ಯಾಯಾಮ ಎರಡನ್ನೂ ಏರಿಸಿತ್ತು.

ನೆನಪು ಮರಳಿಸುವ ಇನ್ನೊಂದು ದಾರಿಯನ್ನು ಭಾರತೀಯ ತಂಡವೊಂದು ತೋರಿಸಿತು. ಅದರ ಮುಖ್ಯಸ್ಥೆ, ದೆಹಲಿ ಆಸುಪಾಸಿನ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕಿ ವಿಜಯಲಕ್ಷ್ಮಿ ರವೀಂದ್ರನಾಥ್. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು. ಅಶ್ವಗಂಧ ಬೇರಿನ ಸಾರ ಆಲ್ಜೈಮರ್ ಮಾದರಿಯ ಇಲಿಗಳಿಗೆ ನೆನಪು ಮರಳಿಸಿದ್ದನ್ನು ಅವರ ತಂಡ 2012ರಲ್ಲಿ ಪ್ರಕಟಿಸಿತು. ಓದುಗರು ಎಡವುವುದು ಇಲ್ಲೇ: ಸಾರ ಕೆಲಸ ಮಾಡಿದ ಅಂಗ ಯಕೃತ್ತು. ಅಲ್ಲಿ ಎಲ್‌ಆರ್‌ಪಿ ಪ್ರೋಟೀನ್ ಹೆಚ್ಚಿ, ಆಲ್ಜೈಮರ್‌ನಲ್ಲಿ ಮಿದುಳಲ್ಲಿ ಶೇಖರವಾಗುವ ಅಮೈಲಾಯ್ಡ್ ಬೀಟಾ ರಕ್ತಕ್ಕಿಳಿದು ಕಡಿಮೆಯಾಯಿತು.