ಮಾತ್ರೆ ಕೊಟ್ಟರೂ ಹುಳು ಮತ್ತೆ ಬಂದದ್ದೇಕೆ?

ಪ್ರಶ್ನೆ: ನಮ್ಮ ಮಗಳಿಗೆ ನಾಲ್ಕು ವರ್ಷ, ಅಂಗನವಾಡಿಗೆ ಹೋಗುತ್ತಾಳೆ. ರಾತ್ರಿ ಮಲದ್ವಾರದ ಹತ್ತಿರ ಕೆರೆದುಕೊಳ್ಳುತ್ತಾ ಅಳುತ್ತಾಳೆ. ಬಿಳಿ ದಾರದ ಎಳೆಯಂಥ ಸಣ್ಣ ಹುಳು ಕಂಡಿತು. ಮಾತ್ರೆ ಕೊಟ್ಟೆವು. ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಅದೇ ಗೋಳು. ಸಿಹಿ ಜಾಸ್ತಿ ತಿನ್ನಿಸಿದ್ದಕ್ಕೇ ಹೀಗೆ ಎನ್ನುತ್ತಾರೆ ಅತ್ತೆ. ನಿಜವೇ?
— ಒಬ್ಬ ತಾಯಿ, ಹಾಸನ

ಉತ್ತರ: ಸಿಹಿಯಿಂದ ಹುಳು ಹುಟ್ಟುವುದಿಲ್ಲ. ಹಲ್ಲು ಹಾಳಾಗುತ್ತದೆಂದು ಚಾಕಲೇಟು ಕಡಿಮೆ ಮಾಡಿ, ಅದು ಬೇರೆ ಮಾತು. ನೀವು ಕಂಡದ್ದು ಬಹುಶಃ ಪಿನ್‌ವರ್ಮ್. ಇದರ ಮೊಟ್ಟೆ ಬಾಯಿಗೆ ಹೋದರೆ ಮಾತ್ರ ಹುಳು ಬರುತ್ತದೆ.

ಮಗು ನಿದ್ದೆ ಹೋದ ಮೇಲೆ ಹೆಣ್ಣುಹುಳು ಕರುಳಿನಿಂದ ಕೆಳಗಿಳಿದು ಮಲದ್ವಾರದ ಸುತ್ತ ಸಾವಿರಾರು ಮೊಟ್ಟೆ ಇಡುತ್ತದೆ. ತುರಿಕೆ ಅದಕ್ಕೇ. ಕೆರೆದಾಗ ಮೊಟ್ಟೆ ಉಗುರಿನ ಸಂದಿ ಸೇರುತ್ತವೆ, ಬೆರಳು ಚೀಪಿದರೆ ಮತ್ತೆ ಹೊಟ್ಟೆಗೆ. ದುಂಡುಹುಳು, ಕೊಕ್ಕೆಹುಳುಗಳಿಗೆ ನಡುವೆ ಮಣ್ಣು ಬೇಕು. ಇದಕ್ಕೆ ಬೇಡ, ನಾಲ್ಕಾರು ತಾಸಿನಲ್ಲೇ ಮೊಟ್ಟೆ ಸೋಂಕು ಹರಡಲು ಸಿದ್ಧ. ಮಣ್ಣು ಮುಟ್ಟದ ಅಪಾರ್ಟ್‌ಮೆಂಟ್ ಮಕ್ಕಳಿಗೂ ಬರುವುದು ಈ ಕಾರಣಕ್ಕೆ. ಹಾಸಿಗೆ, ಆಟಿಕೆ, ಚಡ್ಡಿಗಳ ಮೇಲೆ ಮೊಟ್ಟೆ ಎರಡು ಮೂರು ವಾರ ಬದುಕಬಲ್ಲವು.

ಉಗುರು ಕಡಿಯುವ, ಬೆರಳು ಚೀಪುವ, ಕೈ ತೊಳೆಯದೆ ತಿನ್ನುವ, ಅಣ್ಣ ತಮ್ಮಂದಿರ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವ, ಹತ್ತಾರು ಮಕ್ಕಳೊಡನೆ ನೆಲದ ಮೇಲೆ ಆಡುವ ಮಗುವಿಗೆ ಅಪಾಯ ಹೆಚ್ಚು. ನಾಲ್ಕು ವರ್ಷದ ಯಾವ ಮಗು ಇದರಿಂದ ಹೊರಗಿದೆ ಹೇಳಿ! ಜಪಾನಿನಲ್ಲೇ 2016ರ ಮಾರ್ಚ್‌ವರೆಗೆ ಪ್ರಾಥಮಿಕ ಶಾಲೆಯ ಚಿಕ್ಕ ಮಕ್ಕಳಿಗೆ ಈ ಹುಳುವಿನ ಪರೀಕ್ಷೆ ಕಡ್ಡಾಯವಾಗಿತ್ತು. ನಾಚಿಕೆಪಡುವಂಥದ್ದು ಏನೂ ಇಲ್ಲ.

ಈಗ ಮಾತ್ರೆಯ ವಿಷಯ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಲ್ಲಿ ಅಂಗನವಾಡಿಯಲ್ಲಿ ಕೊಡುವ ಆಲ್ಬೆಂಡಜೋಲ್ ಒಳ್ಳೆಯ ಔಷಧವೇ. ಆದರೆ ಅದು ಕೊಲ್ಲುವುದು ಹುಳುವನ್ನು, ಮೊಟ್ಟೆಯನ್ನಲ್ಲ. ಆದ್ದರಿಂದ ಎರಡು ವಾರ ಬಿಟ್ಟು ಇನ್ನೊಂದು ಸಲ ಕೊಡಲೇಬೇಕು. ಮಗಳೊಬ್ಬಳಿಗೇ ಕೊಟ್ಟರೆ ಸಾಲದು. ತುರಿಕೆ ಇರಲಿ, ಇಲ್ಲದಿರಲಿ, ಮನೆಯವರೆಲ್ಲ ಒಂದೇ ದಿನ ತೆಗೆದುಕೊಳ್ಳಬೇಕು. ಬಸುರಿಯರು ಮತ್ತು ಎರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಬೇಡಿ.

ಅನುಮಾನವಿದ್ದರೆ ಮಲಪರೀಕ್ಷೆಯನ್ನು ನಂಬಿ ಕೂರಬೇಡಿ, ಮಲದಲ್ಲಿ ಈ ಮೊಟ್ಟೆ ಸಿಗುವುದು ಅಪರೂಪ. ಬೆಳಿಗ್ಗೆ ಎದ್ದೊಡನೆ, ತೊಳೆಯುವ ಮೊದಲೇ, ಮಲದ್ವಾರದ ಬಳಿ ಪಾರದರ್ಶಕ ಸೆಲ್ಲೋಟೇಪ್ ಒತ್ತಿ ತೆಗೆದು ಪ್ರಯೋಗಾಲಯಕ್ಕೆ ಒಯ್ಯಿರಿ. ಮೂರು ಬೆಳಿಗ್ಗೆ ಹೀಗೆ ಮಾಡಿದರೆ ಮೊಟ್ಟೆ ಇದ್ದರೆ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ಹಲ್ಲು ಕಡಿಯುತ್ತದೆ ಎಂಬ ಒಂದೇ ಕಾರಣಕ್ಕೆ ಮಗುವಿಗೆ ಜಂತು ಎಂದು ತೀರ್ಮಾನಿಸಬೇಡಿ.

ಎರಡು ಮಾತ್ರೆಗಳ ನಡುವಿನ ಆ ಎರಡು ವಾರ ಮಗುವಿಗೆ ಬೆಳಿಗ್ಗೆಯೇ ಸ್ನಾನ ಮಾಡಿಸಿ, ರಾತ್ರಿ ಇಟ್ಟ ಮೊಟ್ಟೆ ತೊಳೆದುಹೋಗಲಿ. ಚಡ್ಡಿ ದಿನವೂ ಬದಲಾಗಲಿ, ಉಗುರು ಬುಡದವರೆಗೆ ಕತ್ತರಿಸಿ. ಹಾಸಿಗೆ ಬಟ್ಟೆಯನ್ನು ಕೋಣೆಯಲ್ಲಿ ಕೊಡವಬೇಡಿ, ಮೊಟ್ಟೆ ಗಾಳಿಗೆ ಹಾರುತ್ತವೆ. ಮೆಲ್ಲಗೆ ಸುತ್ತಿ ಒಯ್ದು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಕೈಗೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಆಗಬೇಕು.

ಮಗುವನ್ನು ಗದರಬೇಡಿ, ತುರಿಕೆ ಅವಳ ಕೈಯಲ್ಲಿಲ್ಲ. ಅಂಗನವಾಡಿ ಟೀಚರಿಗೆ ಸಂಕೋಚವಿಲ್ಲದೆ ತಿಳಿಸಿ, ಜೊತೆಯ ಮಕ್ಕಳ ತಾಯಂದಿರಿಗೂ ಹೇಳಿ. ಅವರ ಮನೆಗಳಲ್ಲೂ ಔಷಧ ಕೊಡಿಸಿ.