ಪಟ್ಟು ಕಲಿಸುವ ವಿಡಿಯೊ ಕೊಳ್ಳುವ ಮುನ್ನ

ನೀನು ಕಳಿಸಿದ ಪಟ್ಟಿಯಲ್ಲಿ ಅರ್ಧಕ್ಕೂ ಹೆಚ್ಚು ಎದುರಾಳಿಯನ್ನು ಸೋಲಿಸುವ ವಿಡಿಯೊಗಳೇ ಇವೆಯಲ್ಲಮ್ಮಾ! ಹಾರಿ ಹಾಕುವ ಆರ್ಮ್‌ಬಾರ್, ಬೆರಿಂಬೋಲೊ, ಹೀಲ್ ಹುಕ್. ಮೊದಲ ಕೆಲವು ತಿಂಗಳು ಇದರಲ್ಲಿ ಒಂದನ್ನೂ ನಿನ್ನಿಂದ ಹಾಕಲು ಆಗುವುದಿಲ್ಲ. ಯಾಕೆಂದರೆ ನೀನು ಕೆಳಗೆ ಬಿದ್ದಿರುತ್ತೀಯ, ಎದೆಯ ಮೇಲೆ ಇನ್ನೊಬ್ಬರು ಕೂತಿರುತ್ತಾರೆ. ಬ್ರೆಜಿಲಿಯನ್ ಜಿಯು-ಜಿತ್ಸು ಕಲಿಯಲು ಹೊರಟ ಎಲ್ಲರ ಕಥೆಯೂ ಇದೇ. ಆದ್ದರಿಂದ ದುಡ್ಡು ಕೊಟ್ಟು ಕೊಳ್ಳುವ ಮೊದಲ ವಿಡಿಯೊ, ಕೆಳಗಿರುವವರು ಹೇಗೆ ಉಸಿರು ಉಳಿಸಿಕೊಳ್ಳಬೇಕು, ಹೇಗೆ ಹೊರಗೆ ಬರಬೇಕು ಎಂಬುದನ್ನು ಕಲಿಸುವಂಥದ್ದಾಗಿರಲಿ.

ಇದು ನಾನು ಕಟ್ಟಿದ ಸಿದ್ಧಾಂತವೇನಲ್ಲ. ಜಿಯು-ಜಿತ್ಸು ಗುರು ಸೌಲೊ ರಿಬೇರೊ 2008ರಲ್ಲಿ ಹೊರತಂದ ‘ಜಿಯು-ಜಿತ್ಸು ಯೂನಿವರ್ಸಿಟಿ’ ಪುಸ್ತಕವನ್ನು ಬೆಲ್ಟಿನ ಬಣ್ಣಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ. ಬಿಳಿ ಬೆಲ್ಟಿನವರಿಗೆ ಬದುಕಿ ಉಳಿಯುವುದು, ನೀಲಿಗೆ ತಪ್ಪಿಸಿಕೊಳ್ಳುವುದು, ನೇರಳೆಗೆ ಗಾರ್ಡ್ (ಕೆಳಗಿನಿಂದ ಕಾಲುಗಳಲ್ಲಿ ಎದುರಾಳಿಯನ್ನು ಹಿಡಿದಿಡುವ ಭಂಗಿ), ಕಂದಿಗೆ ಎದುರಾಳಿಯ ಗಾರ್ಡ್ ದಾಟುವುದು. ಸೋಲೊಪ್ಪಿಸುವ ಪಟ್ಟುಗಳು ಬರುವುದು ಕಪ್ಪು ಬೆಲ್ಟಿನ ಭಾಗದಲ್ಲಿ, ಎಲ್ಲಕ್ಕಿಂತ ಕೊನೆಗೆ. ಪಟ್ಟು ಹಾಕಲು ಅಲ್ಲಿಯವರೆಗೆ ಕಾಯಬೇಕೆಂದು ಇದರ ಅರ್ಥವಲ್ಲ. ಆದರೆ ಯಾವುದಕ್ಕೆ ಮೊದಲ ಸಮಯ, ಮೊದಲ ದುಡ್ಡು ಹೋಗಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾರಿದೀಪ ನನಗೆ ಕಂಡಿಲ್ಲ.

ಮನೆಯಲ್ಲಿ ವಿಡಿಯೊ ನೋಡಿ ಕಲಿಯುವುದೆಂದರೆ ಮೂಗು ಮುರಿಯುವವರಿದ್ದಾರೆ. ಅವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. 1993ರ ನವೆಂಬರಿನಲ್ಲಿ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ತೆಳ್ಳಗಿನ ರಾಯ್ಸ್ ಗ್ರೇಸಿ ದಢೂತಿ ಆಳುಗಳನ್ನು ನೆಲಕ್ಕೆ ಎಳೆದು ಗೆದ್ದಾಗ, ಅಮೆರಿಕದ ಬಹುತೇಕ ಊರುಗಳಲ್ಲಿ ಈ ವಿದ್ಯೆ ಹೇಳಿಕೊಡುವವರೇ ಇರಲಿಲ್ಲ. ಆಸೆಪಟ್ಟವರು ಗ್ರೇಸಿ ಮನೆತನದ ವಿಎಚ್‌ಎಸ್ ಟೇಪುಗಳನ್ನು ತರಿಸಿಕೊಂಡು ಗ್ಯಾರೇಜಿನಲ್ಲಿ ಗೆಳೆಯರ ಜೊತೆ ಹೊರಳಾಡಿ ಕಲಿತರು. ನಿನ್ನ ದಾವಣಗೆರೆಯ ಮನೆಯ ಹಾಲ್ ಆ ಗ್ಯಾರೇಜುಗಳಿಗಿಂತ ಕಡಿಮೆಯೇನಲ್ಲ, ಸೋಫಾ ಪಕ್ಕಕ್ಕೆ ಸರಿಸಲು ಮನೆಯವರು ಒಪ್ಪಿದರೆ.

ಇನ್ನು ಆರಿಸುವ ವಿಚಾರ. ಯಾವ ವಿಡಿಯೊ ಆದರೂ ಸರಿ, ಅದರಲ್ಲಿ ಮೌಂಟ್‌ನಿಂದ, ಅಂದರೆ ಎದುರಾಳಿ ಎದೆಯ ಮೇಲೆ ಕೂತ ಸ್ಥಿತಿಯಿಂದ, ಬಿಡಿಸಿಕೊಳ್ಳುವ ‘ಉಪಾ’ ಭಾಗವನ್ನು ಹುಡುಕು. ಅದು ಈ ವಿದ್ಯೆಯ ಮೊದಲ ಪಾಠ. ಅದನ್ನು ಹೇಳಿಕೊಡುವ ರೀತಿಯಲ್ಲೇ ಗುರುವಿನ ಯೋಗ್ಯತೆ ಗೊತ್ತಾಗಿಬಿಡುತ್ತದೆ. ಸಾಧಾರಣ ವಿಡಿಯೊದಲ್ಲಿ ‘ಕೈ ಹಿಡಿ, ಕಾಲು ಸಿಕ್ಕಿಸು, ಸೊಂಟ ಎತ್ತು, ಉರುಳಿಸು’ ಎಂದು ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. ಮೇಲಿರುವವನು ಗೋಣಿಚೀಲದ ಹಾಗೆ ಉರುಳಿ ಬೀಳುತ್ತಾನೆ. ಮನೆಯಲ್ಲಿ ನೀನು ಮಾಡಲು ಹೋದರೆ ಮೇಲೆ ಕೂತ ನಿನ್ನ ತಮ್ಮ ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ.

ಒಳ್ಳೆಯ ಗುರು ಅಲ್ಲೇ ನಿಲ್ಲುತ್ತಾರೆ. ಮೊದಲು ನಿನ್ನ ಮೊಣಕೈಗಳು ಪಕ್ಕೆಗೆ ಅಂಟಿರಬೇಕು, ಇಲ್ಲವಾದರೆ ಕೈಯೇ ಎದುರಾಳಿಯ ಪಾಲಾಗುತ್ತದೆ ಎನ್ನುತ್ತಾರೆ. ಆತನ ಒಂದು ಕೈಯನ್ನು ನಿನ್ನ ಎದೆಗೆ ಒತ್ತಿ ಕಟ್ಟಿಹಾಕಿ, ಅದೇ ಬದಿಯ ಪಾದವನ್ನು ನಿನ್ನ ಪಾದದಿಂದ ಸಿಕ್ಕಿಸಬೇಕು. ಒಂದೇ ಬದಿಯ ಕೈ, ಕಾಲು ಎರಡೂ ಯಾಕೆ? ಬೀಳುವಾಗ ಆ ಕಡೆ ಊರಿಕೊಳ್ಳಲು ಆತನಿಗೆ ಏನೂ ಉಳಿಯಬಾರದು. ಆಮೇಲೆ ನಿನ್ನ ಹಿಮ್ಮಡಿಗಳನ್ನು ಪೃಷ್ಠದ ಹತ್ತಿರಕ್ಕೆ ಎಳೆದುಕೊಂಡು ಸೊಂಟ ಎತ್ತಬೇಕು, ಅದೂ ನೇರವಾಗಿ ಮೇಲಕ್ಕಲ್ಲ, ಕಟ್ಟಿಹಾಕಿದ ಬದಿಯ ಭುಜದ ಮೇಲಿಂದ ಓರೆಯಾಗಿ. ನೇರವಾಗಿ ಎತ್ತಿದರೆ ಆತ ಮೇಲೆದ್ದು ಮತ್ತೆ ಅಲ್ಲಿಯೇ ಕೂರುತ್ತಾನೆ. ಇಷ್ಟನ್ನೂ ಹೇಳಿದ ಮೇಲೆ, ‘ಅವನು ಕೈ ಕಿತ್ತುಕೊಂಡು ನೆಲಕ್ಕೆ ಊರಿದರೆ ಏನು ಮಾಡುತ್ತೀಯ?’ ಎಂದು ಗುರುವೇ ಕೇಳಿ, ಮೊಣಕೈಯನ್ನೂ ಮೊಣಕಾಲನ್ನೂ ಕೂಡಿಸಿ ಬದಿಯಿಂದ ಜಾರಿಕೊಳ್ಳುವ ಎರಡನೇ ದಾರಿ ತೋರಿಸುತ್ತಾರೆ. ಹೀಗೆ ತಪ್ಪು ಎಲ್ಲಿ ಆಗುತ್ತದೆ, ಎದುರಾಳಿ ಏನು ಮಾಡುತ್ತಾನೆ ಎಂಬ ಎರಡನ್ನೂ ತೋರಿಸುವ ವಿಡಿಯೊ ಸಿಕ್ಕರೆ ಕಣ್ಣುಮುಚ್ಚಿಕೊಂಡು ಕೊಂಡುಕೋ.

ಕೆಲವು ಹೆಸರು ಹೇಳಬಲ್ಲೆ. ಕ್ಯಾಲಿಫೋರ್ನಿಯಾದಿಂದ ರೆನರ್ ಮತ್ತು ರೈರನ್ ಗ್ರೇಸಿ ಸಹೋದರರು ನಡೆಸುವ ಆನ್‌ಲೈನ್ ಪಾಠದ ಮೊದಲ ಹಂತದಲ್ಲಿ 36 ಪಟ್ಟುಗಳಷ್ಟೇ ಇವೆ. ಎದುರಿಗಿರುವವನು ಏನೂ ಕಲಿಯದ, ಸಿಟ್ಟಿಗೆದ್ದ ಮನುಷ್ಯ ಎಂದು ಇಟ್ಟುಕೊಂಡು ಕಲಿಸುತ್ತಾರೆ. ಇಬ್ಬರೇ ಕೂತು ಕಲಿಯುವವರಿಗೆ ಅಚ್ಚುಕಟ್ಟಾಗಿದೆ. ಆದರೆ ಪಂದ್ಯಕ್ಕೆ ಹೋಗಬೇಕೆನ್ನುವವರಿಗೆ ಅಷ್ಟು ಸಾಲದು. ವಿಡಿಯೊ ಕಳಿಸಿ ನೀಲಿ ಬೆಲ್ಟ್ ಪಡೆಯುವ ಏರ್ಪಾಡು ಇವರಲ್ಲಿ ಶುರುವಾದಾಗ ಜಿಯು-ಜಿತ್ಸು ಲೋಕದಲ್ಲಿ ದೊಡ್ಡ ಗಲಾಟೆಯೇ ಆಯಿತು. ನಿನಗೆ ಬೇಕಿರುವುದು ಪಾಠ, ಬೆಲ್ಟಿನ ಗೋಜಿಗೆ ಈಗ ಹೋಗಬೇಡ.

ಜಾನ್ ಡಾನಹರ್ ಅವರ ‘ಗೋ ಫರ್ದರ್ ಫಾಸ್ಟರ್’ ಮಾಲಿಕೆಯಲ್ಲಿ ಹಿಡಿತದಿಂದ ಬಿಡಿಸಿಕೊಳ್ಳುವುದಕ್ಕೇ ಒಂದು ಪ್ರತ್ಯೇಕ ಸಂಪುಟವಿದೆ. ನ್ಯೂಜಿಲೆಂಡಿನಲ್ಲಿ ಬೆಳೆದ ಡಾನಹರ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದದ್ದು ತತ್ವಶಾಸ್ತ್ರ ಓದಲು. ಅದು ಮಾತಿನಲ್ಲೂ ಕಾಣುತ್ತದೆ. ಒಂದೊಂದು ವಿಷಯವನ್ನೂ ಗಂಟೆಗಟ್ಟಲೆ ಬಿಡಿಸುತ್ತಾರೆ, ಹೇಳಿದ್ದನ್ನೇ ಹೇಳುತ್ತಾರೆ. ತಾಳ್ಮೆ ಇದ್ದವರಿಗೆ ಬಂಗಾರ, ಇಲ್ಲದವರಿಗೆ ನಿದ್ದೆ. ನಿನಗಂತೂ ಮೊದಲ ವರ್ಷ ಅಷ್ಟು ಉದ್ದದ್ದು ಬೇಡ. ದುಡ್ಡು ಖರ್ಚು ಮಾಡುವ ಮುಂಚೆ ಕೆನಡಾದ ಸ್ಟೀಫನ್ ಕೆಸ್ಟಿಂಗ್ ಅವರ ಉಚಿತ ಪಾಠಗಳನ್ನು ನೋಡು. ಯಾವ ಭಂಗಿಯಿಂದ ಯಾವುದಕ್ಕೆ ಹೋಗಬೇಕೆಂಬ ನಕ್ಷೆಯನ್ನು ಅವರಷ್ಟು ಸರಳವಾಗಿ ಹೇಳುವವರು ಕಡಿಮೆ.

ಒಬ್ಬರನ್ನು ಹಿಡಿದ ಮೇಲೆ ಆರು ತಿಂಗಳಾದರೂ ಅವರನ್ನೇ ಹಿಡಿದಿರು. ಗಾರ್ಡಿನಲ್ಲಿ ಒಬ್ಬರು ಕಾಲರ್ ಹಿಡಿ ಎನ್ನುತ್ತಾರೆ, ಇನ್ನೊಬ್ಬರು ತೋಳು ಹಿಡಿ ಎನ್ನುತ್ತಾರೆ. ಇಬ್ಬರೂ ಸರಿಯೇ, ಆದರೆ ಹೊಸಬರು ಎರಡು ದೋಣಿಗೆ ಕಾಲಿಟ್ಟ ಹಾಗಾಗುತ್ತದೆ. ಹೊಸ ಹೊಸ ಪಟ್ಟು ಇಲ್ಲದೆ ಹಿಂದುಳಿದೇನು ಎಂಬ ಭಯವೂ ಬೇಡ. ಹತ್ತು ಬಾರಿ ವಿಶ್ವ ಚಾಂಪಿಯನ್ ಆದ ರೋಜರ್ ಗ್ರೇಸಿ ಕಪ್ಪು ಬೆಲ್ಟಿನ ಘಟಾನುಘಟಿಗಳನ್ನು ಮತ್ತೆ ಮತ್ತೆ ಸೋಲಿಸಿದ್ದು ಹೊಸಬರಿಗೆ ಹೇಳಿಕೊಡುವ ಪಟ್ಟಿನಿಂದಲೇ: ಎದೆಯ ಮೇಲೆ ಕೂತು, ಎರಡೂ ಕೈಗಳಿಂದ ಕಾಲರ್ ಹಿಡಿದು ಕತ್ತು ಬಿಗಿಯುವುದು.

ಚಿತ್ರೀಕರಣ ನೋಡದೆ ಕೊಳ್ಳಬೇಡ. ಇಬ್ಬರೂ ಒಂದೇ ಬಣ್ಣದ ಗಿ (ಅಭ್ಯಾಸದ ಉಡುಪು) ಹಾಕಿಕೊಂಡಿದ್ದರೆ ಯಾರ ಕಾಲು ಯಾವುದೆಂದು ದೇವರಿಗೇ ಗೊತ್ತು. ಒಬ್ಬರು ಬಿಳಿ, ಇನ್ನೊಬ್ಬರು ನೀಲಿ ತೊಟ್ಟು, ಅದೇ ಪಟ್ಟನ್ನು ಇನ್ನೊಂದು ಬದಿಯಿಂದಲೂ ತೋರಿಸಿದ್ದರೆ ಅರ್ಧ ಕೆಲಸ ಸುಲಭ. ರಿಯಾಯಿತಿಯ ಆಸೆಗೂ ಬೀಳಬೇಡ. ‘ಇವತ್ತೇ ಕೊನೆಯ ದಿನ’ ಎಂದು ಮಾರುವವರಿಗೆ ಮುಂದಿನ ವಾರವೂ ಇನ್ನೊಂದು ಕೊನೆಯ ದಿನ ಇರುತ್ತದೆ.

ಈಗ ನಿನ್ನ ತಮ್ಮನ ವಿಷಯ. ಗರಡಿಗೆ ಹೋಗುವ ಹುಡುಗ ಜೊತೆಗೆ ಸಿಕ್ಕಿದ್ದು ಪುಣ್ಯ. ತೂಕ ಹಾಕುವುದು, ಮೈಯ ಸಮತೋಲ ಅವನಿಗೆ ಹೇಳಿಕೊಡಬೇಕಿಲ್ಲ. ಆದರೆ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಹಾಗಾಗಿ ಕೆಳಗೆ ಬಿದ್ದ ಕೂಡಲೇ ಅವನು ಅಭ್ಯಾಸಬಲದಿಂದ ಬೋರಲಾಗುತ್ತಾನೆ. ಜಿಯು-ಜಿತ್ಸುವಿನಲ್ಲಿ ಅದೇ ಅಪಾಯ: ಬೆನ್ನು ಕೊಟ್ಟೆ ಎಂದರೆ ಹಿಂದಿನಿಂದ ಕತ್ತಿಗೆ ತೋಳು ಬಂತು. ಇಲ್ಲಿ ಅಂಗಾತ ಮಲಗಿ, ಕಾಲುಗಳ ನಡುವೆ ಎದುರಾಳಿಯನ್ನು ಹಿಡಿದಿಡುವುದೂ ಹೋರಾಟದ ಭಂಗಿಯೇ, ಅದನ್ನೇ ಗಾರ್ಡ್ ಎನ್ನುವುದು. ಇದನ್ನು ನೀವಿಬ್ಬರೂ ಕೂತು ನೋಡಿ. ಅವನಿಗೆ ಒಪ್ಪಿಗೆಯಾಗಲು ಸ್ವಲ್ಪ ದಿನ ಬೇಕಾಗಬಹುದು.

ಹೀಲ್ ಹುಕ್ ಮಾತ್ರ ಬೇಡವೇ ಬೇಡ. ಹಿಮ್ಮಡಿ ತಿರುಚಿದಾಗ ಪೆಟ್ಟು ಬೀಳುವುದು ಮೊಣಕಾಲಿನ ಕಟ್ಟುಗಳಿಗೆ, ನೋವು ಗೊತ್ತಾಗುವ ಹೊತ್ತಿಗೆ ಅನಾಹುತ ಆಗಿರುತ್ತದೆ. ಜಿಯು-ಜಿತ್ಸು ಪಂದ್ಯಗಳ ಒಕ್ಕೂಟವಾದ ಐಬಿಜೆಜೆಎಫ್ ಕೂಡ ಅದಕ್ಕೆ ಅವಕಾಶ ಕೊಟ್ಟದ್ದು 2021ರಲ್ಲಿ, ಅದೂ ಗಿ ಇಲ್ಲದ ಪಂದ್ಯಗಳಲ್ಲಿ ಕಂದು, ಕಪ್ಪು ಬೆಲ್ಟಿನ ವಯಸ್ಕರಿಗೆ ಮಾತ್ರ. ಕತ್ತಿನ ಪಟ್ಟುಗಳೂ ಅಷ್ಟೇ. ಎರಡೂ ಬದಿಯ ರಕ್ತನಾಳ ಸರಿಯಾಗಿ ಒತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಟ್ಯಾಪ್ ಮಾಡಿದ, ಅಂದರೆ ಸೋತೆ ಎಂದು ಕೈ ತಟ್ಟಿದ, ತಕ್ಷಣ ಬಿಡುವುದು ಅಕ್ಕತಮ್ಮಂದಿರ ಜಗಳದಲ್ಲೂ ತಪ್ಪಬಾರದ ನಿಯಮ. ಟ್ಯಾಪ್ ಯಾವಾಗ, ಹೇಗೆ ಎಂದು ಶುರುವಿನಲ್ಲೇ ಹೇಳದ ವಿಡಿಯೊ ಇದ್ದರೆ ಮುಚ್ಚಿಬಿಡು.

ದಿನಕ್ಕೆ ಒಂದೇ ತುಣುಕು ನೋಡಿ, ಮ್ಯಾಟಿನ ಮೇಲೆ ಮಾಡಿ, ಮೊಬೈಲನ್ನು ಸ್ಟೂಲಿನ ಮೇಲಿಟ್ಟು ನಿಮ್ಮದನ್ನೂ ರೆಕಾರ್ಡ್ ಮಾಡಿ. ಗುರುವಿನ ಸೊಂಟ ಎಲ್ಲಿತ್ತು, ನಿನ್ನದು ಎಲ್ಲಿತ್ತು ಎಂಬುದು ಆಗ ಕಾಣುತ್ತದೆ. ಎರಡು ಮೂರು ತಿಂಗಳಾದ ಮೇಲೆ ಒಂದು ವಾರ ರಜೆ ಹಾಕಿ ಇಬ್ಬರೂ ಬೆಂಗಳೂರಿಗೆ ಬನ್ನಿ. ಗೊತ್ತಿಲ್ಲದವರ ಜೊತೆ ಹೊರಳಾಡಿದಾಗ ವಿಡಿಯೊದಲ್ಲಿ ಕಲಿತದ್ದರಲ್ಲಿ ಯಾವುದು ಕೈಗೆ ಬಂದಿದೆ ಎಂದು ತಿಳಿಯುತ್ತದೆ. ಹೊಸಬರನ್ನು ಸೇರಿಸಿಕೊಳ್ಳುವ ತರಗತಿಯನ್ನು ನಾನು ವಿಚಾರಿಸಿ ಇಟ್ಟಿರುತ್ತೇನೆ. ಉಗುರು ಕತ್ತರಿಸಿಕೊಂಡು ಬನ್ನಿ, ಕಾಲಿನದೂ ಸೇರಿ. ಇಲ್ಲದಿದ್ದರೆ ಮ್ಯಾಟ್ ಹತ್ತಲೂ ಬಿಡುವುದಿಲ್ಲ.